ವಾಣಿಜ್ಯ ವಲಯದ ಗೆರೆ ನಿಮ್ಮ ಓಣಿಗೆ ಬಂದರೆ ಆಕ್ಷೇಪಣೆ ಬರೆಯುವುದು ಹೇಗೆ?

ಮಂಗಳೂರಿನ ಕದ್ರಿ, ಬೆಂದೂರು, ಬಿಜೈ ಕಡೆ ಹಂಚಿನ ಮನೆ ಹೋಗಿ ಕೆಳಗೆ ಶೋರೂಮ್, ಮೇಲೆ ಕ್ಲಿನಿಕ್ ಬರುವುದು ಹೊಸತೇನಲ್ಲ. ಇದರ ಬಗ್ಗೆ ಎಲ್ಲರೂ ವಾದ ಮಾಡುತ್ತಾರೆ. ಯಾವ ಜಾಗ ವಸತಿಗೆ, ಯಾವುದು ವಾಣಿಜ್ಯಕ್ಕೆ ಎಂಬ ವಲಯದ ಗೆರೆ ಎಳೆಯುವಾಗ ಪೇಪರಿನ ಮೂಲೆಯಲ್ಲಿ ಬರುವ ಪ್ರಕಟಣೆಯನ್ನು ಮಾತ್ರ ಓದುವವರು ಕಡಿಮೆ.

ಮೊದಲು ಆ ಪ್ರಕಟಣೆ ಯಾವ ಬಗೆಯದು ನೋಡಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ 1961ರ ಪ್ರಕಾರ ಇಡೀ ಮಾಸ್ಟರ್ ಪ್ಲಾನ್, ಅಂದರೆ ಊರಿನ ಒಟ್ಟು ಭೂಬಳಕೆಯ ಯೋಜನೆ, ಪ್ರಕಟವಾದರೆ ಅಭಿಪ್ರಾಯ ಹೇಳಲು 60 ದಿನ ಇರುತ್ತದೆ. ಯಾವುದೋ ಒಂದು ಜಾಗದ ಭೂಬಳಕೆ ಬದಲಾವಣೆ ಆದರೆ ಕನಿಷ್ಠ 15 ದಿನ ಕೊಡಬೇಕು, ಅಷ್ಟೇ. ಮಳೆ ಬಿಡಲಿ, ಕೋಲ ಮುಗಿಯಲಿ ಅಂತ ಕೂತರೆ 15 ದಿನ ಕಳೆದೇ ಹೋಗುತ್ತದೆ.

ಆಮೇಲೆ ನಕ್ಷೆ. ಇದಕ್ಕೆ ಲಾಲ್‌ಬಾಗ್‌ನ ಪಾಲಿಕೆ ಕಚೇರಿಗೆ ಓಡಬೇಡಿ. ಅಂಗಡಿಗೆ ಲೈಸೆನ್ಸ್ ಕೊಡುವುದು ಪಾಲಿಕೆ. ವಲಯದ ಗೆರೆ ಇರುವುದು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ. ಉಡುಪಿಗೂ ಅದರದ್ದೇ ಪ್ರಾಧಿಕಾರ ಇದೆ. ನಕ್ಷೆಯಲ್ಲಿ ಹಳದಿ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ. ಆರ್‌ಟಿಸಿ (ಪಹಣಿ) ಕೈಯಲ್ಲಿ ಹಿಡಿದು ನಿಮ್ಮ ಸರ್ವೆ ನಂಬರ್ ಹುಡುಕಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಗೆ ಅರ್ಜಿ ಹಾಕಬಹುದು, ಸರಿ. ಆದರೆ ಉತ್ತರಕ್ಕೆ 30 ದಿನ ಬೇಕಾದೀತು. 15 ದಿನದ ಗಡುವಿಗೆ ಅದು ಆಗಿಬರುವುದಿಲ್ಲ, ನೀವೇ ಹೋಗಿ ನೋಡುವುದು ಒಳ್ಳೆಯದು.

ಒಂದು ಗೊಂದಲ ಇಲ್ಲೇ ಬಿಡಿಸೋಣ. ‘ಕನ್ವರ್ಷನ್ ಆಗಿದೆ, ಇನ್ನೇನು’ ಅನ್ನುವವರಿದ್ದಾರೆ. ಕನ್ವರ್ಷನ್, ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಮಾಡುವುದು, ಕಂದಾಯ ಇಲಾಖೆಯ ಕೆಲಸ. ವಲಯ ಯಾವುದು ಎಂಬುದು ಬೇರೆಯೇ ಪ್ರಶ್ನೆ.

ಈಗ ನಿಜವಾದ ಕೆಲಸ. ಸಂಜೆ ಹೊತ್ತು ಆ ಗೆರೆಯ ಉದ್ದಕ್ಕೂ ನಡೆದು ಬನ್ನಿ. ಗೆರೆ ರಸ್ತೆಯ ನಡುವೆ ಇದ್ದರೆ ಎದುರಿನ ಮನೆಯವರ ಗೇಟಿಗೆ ಅಡ್ಡವಾಗಿ ಗಿರಾಕಿಗಳ ಕಾರು ನಿಲ್ಲುತ್ತದೆ. ಜಾಗದ ಹಿಂಬದಿಯಲ್ಲಿ ಇದ್ದರೆ ತೊಂದರೆಯೇ ಬೇರೆ. ಹಿಂದಿನ ಮನೆಯ ಬಾವಿಗೂ ಹೊಸ ಕಟ್ಟಡದ ಶೌಚದ ಹೊಂಡಕ್ಕೂ ನಡುವೆ ಒಂದು ಕಾಂಪೌಂಡ್ ಗೋಡೆ ಮಾತ್ರ. ನಮ್ಮ ಕೆಂಪುಕಲ್ಲಿನ ನೆಲದಲ್ಲಿ ನೀರು ಸಲೀಸಾಗಿ ಇಳಿಯುತ್ತದೆ, ಅಲ್ವಾ? ಏರುತಗ್ಗಿನ ಊರು ಬೇರೆ. ಮಳೆನೀರು ಯಾವ ತೋಡಿಗೆ ಹೋಗುತ್ತದೆ ನೋಡಿ. ಓಣಿಯ ಅಗಲ ಟೇಪ್ ಹಿಡಿದು ಅಳೆಯಿರಿ. ‘ತುಂಬಾ ಕಿರಿದು’ ಅಂತ ಬರೆದರೆ ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಅರ್ಜಿ ಒಂದೇ ಪುಟ ಸಾಕು. ಪ್ರಕಟಣೆಯ ಸಂಖ್ಯೆ, ದಿನಾಂಕ, ಸರ್ವೆ ನಂಬರ್, ನೀವು ಕಂಡದ್ದು. ಕೊನೆಗೆ ಗೆರೆ ಎಲ್ಲಿ ನಿಲ್ಲಬೇಕು ಎಂಬ ನಿಮ್ಮ ಮಾತು. ಇದನ್ನೇ ಜಾಸ್ತಿ ಜನ ಮರೆಯುತ್ತಾರೆ. ಸುಮ್ನೆ ‘ವಾಣಿಜ್ಯ ಬೇಡ’ ಅಂದರೆ ನಾಳೆ ಜೀನಸಿನ ಅಂಗಡಿ, ಮೆಡಿಕಲ್ ನಮಗೂ ಬೇಕಲ್ಲ! ‘ಮುಖ್ಯರಸ್ತೆಗೆ ತಾಗಿದ ಮೊದಲ ಸಾಲಿನವರೆಗೆ ಸಾಕು, ಓಣಿಯೊಳಗೆ ಬೇಡ’ ಅನ್ನುವುದು ಅಧಿಕಾರಿಗೂ ಅರ್ಥವಾಗುವ ಮಾತು. ಬದಲಾವಣೆ ಬೇಕು ಅನ್ನುವ ಅಂಗಡಿಯವರೂ ಹೀಗೆಯೇ ಬರೆಯಬಹುದು.

ಒಂದು ಸಭೆಯಲ್ಲಿ ಹಿರಿಯರೊಬ್ಬರು ಹತ್ತು ನಿಮಿಷ ಚೆನ್ನಾಗಿಯೇ ಮಾತಾಡಿದರು. ಚಪ್ಪಾಳೆಯೂ ಬಿತ್ತು. ಅಧಿಕಾರಿ ಕೇಳಿದ್ದು ಒಂದೇ: ‘ಸರ್ವೆ ನಂಬರ್ ಎಷ್ಟು?’ ಅವರ ಹತ್ತಿರ ಇರಲಿಲ್ಲ. ಮಾಸ್ಟರ್ ಪ್ಲಾನ್ ವಿಷಯದಲ್ಲಿ ಪ್ರಾಧಿಕಾರ ಪರಿಗಣಿಸಲೇಬೇಕು ಎಂದು ಕಾಯ್ದೆ ಹೇಳುವುದು ಬರಹದಲ್ಲಿ ಕೊಟ್ಟ ಅಭಿಪ್ರಾಯವನ್ನು.

ಹಾಗಾಗಿ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದಕ್ಕೆ ತಾರೀಖಿನ ಸಮೇತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನಾಳೆ ಬನ್ನಿ ಅಂದರೆ, ಸ್ಪೀಡ್ ಪೋಸ್ಟ್‌ನಲ್ಲಿ ಅವತ್ತೇ ಕಳಿಸಿ ರಸೀದಿ ಇಟ್ಟುಕೊಳ್ಳಿ.