ಮಗುವಿನ ಥೈರಾಯ್ಡ್ ಮಾತ್ರೆ: ಕೊಡೋದು ಹೇಗೆ, ರಿಪೋರ್ಟ್ ನೋಡೋದು ಹೇಗೆ

ಹುಟ್ಟಿನಿಂದ್ಲೇ ಥೈರಾಯ್ಡ್ ಕಮ್ಮಿ ಇರೋ ಮಗುಗೆ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದೆ ಇದ್ದಾಗ ರಕ್ತದಲ್ಲಿ ಏರೋ ಹಾರ್ಮೋನ್) ಜಾಸ್ತಿ ಬಂತು ಅಂದ್ರೆ, ಡೋಸ್ ಸಾಲ್ತಿಲ್ಲ ಅನ್ಕೊಳ್ಳೋಕೆ ಮುಂಚೆ ಮಾತ್ರೆ ಹೇಗೆ ಕೊಡ್ತಿದೀವಿ ಅಂತ ಒಂದ್ಸಲ ನೋಡ್ಕೊಳ್ಳಿ. ನಮ್ಮನೇಲಿ ತಪ್ಪು ಅಲ್ಲೇ ಇತ್ತು, ಪುಡಿ ಮಾಡಿ ಇಡೀ ಬಾಟಲಿ ಹಾಲಿಗೆ ಹಾಕ್ತಿದ್ವಿ, ಮಗು ಅರ್ಧ ಕುಡಿದು ಮಲಗ್ಬಿಡ್ತಿತ್ತು, ಔಷಧಿನೂ ಅರ್ಧನೇ ಹೋಗ್ತಿತ್ತು.

ಲೆವೊಥೈರಾಕ್ಸಿನ್ ಅನ್ನೋ ಈ ಥೈರಾಯ್ಡ್ ಮಾತ್ರೆನ ಎರಡು ಚಮಚದ ಮಧ್ಯೆ ಒತ್ತಿ ಪುಡಿ ಮಾಡಿ, ಒಂದೆರಡು ಚಮಚ ಎದೆಹಾಲೋ ನೀರೋ ಹಾಕಿ ಕಲಸಿ ಆಗ್ಲೇ ಕುಡಿಸಿ, ಚಮಚಕ್ಕೆ ಅಂಟಿರೋದನ್ನೂ ಚೂರು ನೀರು ಹಾಕಿ ಕೊಟ್ಬಿಡಿ. ನಾಳೆಗೆ ಅಂತ ಕಲಸಿಡೋದು ಬೇಡ. ಸೋಯಾ ಹಾಲು, ಐರನ್ ಡ್ರಾಪ್ಸ್, ಕ್ಯಾಲ್ಸಿಯಂ ಜೊತೆಗಂತೂ ಕೊಡ್ಲೇಬೇಡಿ, ಮೈಗೆ ಹತ್ತಲ್ಲ, ಐರನ್, ಕ್ಯಾಲ್ಸಿಯಂಗೆ 4 ಗಂಟೆ ಗ್ಯಾಪ್ ಇರ್ಲಿ. ಬೆಳಗ್ಗೆನೇ ಆಗ್ಬೇಕು ಅಂತೇನಿಲ್ಲ, ಆದ್ರೆ ದಿನಾ ಒಂದೇ ಟೈಮು. ಮರೆತ್ರೆ ಅವತ್ತೇ ನೆನಪಾದಾಗ ಕೊಡಿ. ಕ್ಯಾಲೆಂಡರಲ್ಲಿ ಟಿಕ್ ಹಾಕಿ, ಇಲ್ದಿದ್ರೆ ನೀನು ಕೊಟ್ಟ್ಯಾ ನಾನು ಕೊಟ್ನಾ ಅಂತ ಮನೇಲಿ ಜಗಳನೇ.

ಟೆಸ್ಟ್ ದಿನ ರಕ್ತ ಕೊಟ್ಟಾದ್ಮೇಲೆ ಮಾತ್ರೆ, ಯಾಕಂದ್ರೆ ನುಂಗಿದ ಮೇಲೆ ಒಂದಷ್ಟು ಗಂಟೆ ಫ್ರೀ ಟಿ4 (ರಕ್ತದಲ್ಲಿರೋ ಥೈರಾಯ್ಡ್ ಹಾರ್ಮೋನ್) ಏರಿರುತ್ತೆ. ಬಯೋಟಿನ್ ಇರೋ ವಿಟಮಿನ್ ಕೊಡ್ತಿದ್ರೆ ಮೊದ್ಲೇ ಹೇಳಿ, ರಿಪೋರ್ಟೇ ತಪ್ಪು ಬರ್ಬೋದು.

ರಿಪೋರ್ಟಲ್ಲಿ ಟಿಎಸ್‌ಎಚ್ ಮಗುವಿನ ವಯಸ್ಸಿನ ರೇಂಜಲ್ಲಿ, ಫ್ರೀ ಟಿ4 ರೇಂಜಿನ ಮೇಲಿನ ಅರ್ಧದಲ್ಲಿ ಇರ್ಬೇಕು. ದೊಡ್ಡೋರ ರೇಂಜ್ ಜೊತೆ ಹೋಲಿಸಿ ಗಾಬರಿ ಆಗ್ಬೇಡಿ. ಫ್ರೀ ಟಿ4 ಚೆನ್ನಾಗಿದೆ ಟಿಎಸ್‌ಎಚ್ ಮಾತ್ರ ಜಾಸ್ತಿ ಅಂದ್ರೆ ಎಷ್ಟೋ ಸಲ ನಡುನಡುವೆ ಡೋಸ್ ತಪ್ಪಿರುತ್ತೆ, ಟೆಸ್ಟ್ ಹತ್ರ ಬಂದಾಗ ನೆಟ್ಟಗೆ ಕೊಟ್ರೆ ಫ್ರೀ ಟಿ4 ಬೇಗ ಏರುತ್ತೆ, ಟಿಎಸ್‌ಎಚ್ ಇಳಿಯೋಕೆ ವಾರಗಳೇ ಬೇಕು. ಏನೂ ತಪ್ಪಿಲ್ದೆ ಇದ್ರೂ ಏರ್ಬೋದು, ತೂಕ ಹೆಚ್ಚಾದ ಹಾಗೆ ಡೋಸೂ ಬೆಳೀಬೇಕಲ್ಲ. ನಿದ್ದೆ ಇಲ್ಲ, ಬೆವರು, ಎದೆಬಡಿತ ಜೋರು, ಲೂಸ್ ಮೋಷನ್ ಅಂದ್ರೆ ಡೋಸ್ ಜಾಸ್ತಿ ಆಗಿರ್ಬೋದು, ನೀವೇ ಕಮ್ಮಿ ಮಾಡ್ದೆ ಡಾಕ್ಟರಿಗೆ ಫೋನ್ ಮಾಡಿ.

ಶುರು ಮಾಡಿದ 1-2 ವಾರಕ್ಕೆ ಮೊದಲ ಟೆಸ್ಟ್, ಟಿಎಸ್‌ಎಚ್ ಸರಿ ಹೋಗೋವರೆಗೆ 2 ವಾರಕ್ಕೊಂದು, ಆಮೇಲೆ ವರ್ಷ ತುಂಬೋವರೆಗೆ 1-3 ತಿಂಗಳಿಗೊಂದು, ಹಾಗೇ ಗ್ಯಾಪ್ ಹೆಚ್ಚಾಗುತ್ತೆ. ಡೋಸ್ ಬದಲಾದ್ರೆ 4-6 ವಾರಕ್ಕೆ ಮತ್ತೆ. ಥೈರಾಯ್ಡ್ ಗ್ರಂಥಿನೇ ಇಲ್ಲ ಅಥವಾ ಜಾಗ ತಪ್ಪಿದೆ ಅಂತ ಸ್ಕ್ಯಾನಲ್ಲಿ ಗೊತ್ತಾಗಿದ್ರೆ ಮಾತ್ರೆ ಜೀವನಪೂರ್ತಿ, ಇಲ್ದಿದ್ರೆ ಮಗುಗೆ 3 ವರ್ಷ ಆದ್ಮೇಲೆ ಡಾಕ್ಟರೇ ಸುಮಾರು 4 ವಾರ ನಿಲ್ಸಿ ಟೆಸ್ಟ್ ಮಾಡಿ ನೋಡ್ತಾರೆ, ಅಲ್ಲಿವರೆಗೂ ಒಂದಿನಾನೂ ನಿಲ್ಸೋ ಹಾಗಿಲ್ಲ.