ಕಾರಿನ ಹಿಂದಿನ ಶಾಕ್ ಅಬ್ಸಾರ್ಬರ್: ಮನೆಯಲ್ಲೇ ಬದಲಿಸಿದ ನನ್ನ ಅನುಭವ

ಶಾಕ್ ಅಬ್ಸಾರ್ಬರ್ ಇದ್ದಕ್ಕಿದ್ದಂತೆ ಕೈಕೊಡುವುದು ಅಪರೂಪ. ನಿಧಾನಕ್ಕೆ ಸೋಲುತ್ತಾ ಹೋಗುತ್ತದೆ. ಓಡಿಸುವವರಿಗೂ ಅದೇ ಅಭ್ಯಾಸವಾಗಿಬಿಡುತ್ತದೆ. ನನ್ನ ಕಾರಿನ ಹಿಂದಿನ ಶಾಕ್ಸ್ ಸೋತಿವೆ ಎಂದು ಮೊದಲು ಹೇಳಿದ್ದು ಹಿಂದಿನ ಸೀಟಿನಲ್ಲಿ ಕೂರುವವರೇ. ಹಂಪ್ಸ್ ದಾಟಿದ ಮೇಲೂ ಕಾರಿನ ಹಿಂಭಾಗ ಸುಮಾರು ಹೊತ್ತು ಮೇಲೆ ಕೆಳಗೆ ತೂಗುತ್ತಿತ್ತು. ಮುಂದೆ ಕೂತವರಿಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ.

ಬಿಚ್ಚುವ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಂಡರೆ ಒಳ್ಳೆಯದು. ಕಾರಿನ ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ. ಗುಂಡಿಗೆ ಇಳಿದಾಗ ಸ್ಪ್ರಿಂಗ್ ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಅದನ್ನು ತಡೆಯುವವರು ಇಲ್ಲದಿದ್ದರೆ ಹಾಗೇ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ತಡೆಯುವುದು ಶಾಕ್‌ನ ಕೆಲಸ. ಅದರೊಳಗೆ ಎಣ್ಣೆ ಇದೆ, ಪಿಸ್ಟನ್ ಇದೆ, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳೂ ವಾಲ್ವ್‌ಗಳೂ ಇವೆ. ಸೂಜಿ ಹಾಕಿದ ಸಿರಿಂಜ್‌ನಲ್ಲಿ ನೀರು ತುಂಬಿ ಒತ್ತಿ ನೋಡಿ. ಮೆಲ್ಲಗೆ ಒತ್ತಿದರೆ ಹೋಗುತ್ತದೆ, ಜೋರಾಗಿ ಒತ್ತಿದರೆ ಎದುರು ನಿಲ್ಲುತ್ತದೆ. ಇಲ್ಲಿಯೂ ಅಷ್ಟೇ. ಕುಣಿತದ ಶಕ್ತಿ ಎಣ್ಣೆಯಲ್ಲಿ ಬಿಸಿಯಾಗಿ ಮುಗಿದುಹೋಗುತ್ತದೆ. ಒಳಗಿನ ವಾಲ್ವ್ ಸವೆದರೆ, ಅಥವಾ ಸೀಲ್ ಹೋಗಿ ಎಣ್ಣೆ ಸೋರಿದರೆ, ಉಳಿಯುವುದು ಬರೀ ಕೊಳವೆ.

ಈ ಬಿಸಿಯಿಂದಲೇ ಒಂದು ಸುಲಭ ಪರೀಕ್ಷೆ ಸಿಗುತ್ತದೆ. ಕೆಟ್ಟ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎರಡೂ ಶಾಕ್‌ಗಳ ಮೈಯನ್ನು ಹುಷಾರಾಗಿ ಮುಟ್ಟಿ ನೋಡಬೇಕು. ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಇರಬಹುದು, ಅದಕ್ಕೆ ಕೈ ತಾಗಬಾರದು. ಕೆಲಸ ಮಾಡುತ್ತಿರುವ ಶಾಕ್ ಬೆಚ್ಚಗಿರುತ್ತದೆ. ನನ್ನ ಕಾರಿನಲ್ಲಿ ಎಡಗಡೆಯದು ಬೆಚ್ಚಗಿತ್ತು, ಬಲಗಡೆಯದು ತಣ್ಣಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ಬಲಗಡೆ ಶಾಕ್ ಮೇಲಿಂದ ಕೆಳಗಿನವರೆಗೆ ಎಣ್ಣೆಯಿಂದ ತೊಯ್ದು, ಅದಕ್ಕೆ ಧೂಳು ಅಂಟಿ ಕಪ್ಪು ಪದರವೇ ಕಟ್ಟಿತ್ತು. ಮೇಲ್ಭಾಗದಲ್ಲಿ ತೆಳ್ಳಗೆ ಎಣ್ಣೆಯ ಪಸೆ ಕಂಡರೆ ಗಾಬರಿ ಬೇಡ, ಪಿಸ್ಟನ್ನಿಗೆ ಜೋಡಿಸಿದ ರಾಡ್ ಒಳಗೆ ಹೊರಗೆ ಆಡುವಾಗ ಅಷ್ಟು ಬರುವುದು ಸಹಜ. ಹರಿದು ಇಳಿದಿದ್ದರೆ ಮಾತ್ರ ಶಾಕ್‌ನ ಕಥೆ ಮುಗಿದಂತೆ.

ಕಾರಿನ ಮೂಲೆ ಹಿಡಿದು ಕೆಳಗೆ ಒತ್ತಿ ಬಿಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಒಂದು ಸಲ ಮೇಲೆ ಬಂದು ನಿಂತರೆ ಸರಿ, ಮತ್ತೆ ಮತ್ತೆ ತೂಗಿದರೆ ಹಾಳು ಅಂತ. ನಾನು ಅದನ್ನು ಅರ್ಧ ಮಾತ್ರ ನಂಬುತ್ತೇನೆ. ಪೂರ್ತಿ ಸತ್ತ ಶಾಕ್ ಅದರಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಸವೆದದ್ದು ತಪ್ಪಿಸಿಕೊಳ್ಳುತ್ತದೆ. ಅದಕ್ಕಿಂತ ಟೈರ್ ನೋಡಿದರೆ ಜಾಸ್ತಿ ತಿಳಿಯುತ್ತದೆ. ಅಂಗೈಯನ್ನು ಟೈರಿನ ಸುತ್ತ ಸವರಿದರೆ ಅಲ್ಲಲ್ಲಿ ತಗ್ಗು ದಿಣ್ಣೆ ಸಿಗುತ್ತದಾ ನೋಡಿ. ಚಕ್ರ ರಸ್ತೆಗೆ ಒತ್ತಿ ನಿಲ್ಲದೆ ಕುಪ್ಪಳಿಸುತ್ತಾ ಓಡಿದರೆ ಹಾಗೆ ತೇಪೆ ತೇಪೆಯಾಗಿ ಸವೆಯುತ್ತದೆ. ಕುಪ್ಪಳಿಸುವ ಚಕ್ರಕ್ಕೆ ಹಿಡಿತ ಇರುವುದಿಲ್ಲ, ಬ್ರೇಕ್ ಹಾಕಿದಾಗ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಹಾಗಾಗಿ ಇದು ಬರೀ ಕೂತವರ ಸುಖದ ಪ್ರಶ್ನೆಯಲ್ಲ.

ಹಾಳಾಗಿದ್ದು ಒಂದೇ ಆದರೂ ನಾನು ಜೋಡಿಯನ್ನೇ ತಂದೆ. ಒಂದು ಕಡೆ ಹೊಸ ಬಿಗಿ, ಇನ್ನೊಂದು ಕಡೆ ಹಳೆ ಸಡಿಲು ಇದ್ದರೆ ತಿರುವಿನಲ್ಲಿ ಮತ್ತು ಜೋರಾಗಿ ಬ್ರೇಕ್ ಹಾಕಿದಾಗ ಎರಡು ಕಡೆಯೂ ಬೇರೆ ಬೇರೆ ಥರ ವರ್ತಿಸುತ್ತವೆ. ಅದರ ಜೊತೆಗೆ ಮೇಲಿನ ರಬ್ಬರ್ ಬುಷ್ (ಜೋಡಣೆಯ ನಡುವೆ ಕೂರುವ ಮೆತ್ತೆ), ವಾಷರ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ಗುದ್ದು ತಡೆಯುವ ತುಂಡು), ಧೂಳಿನ ಕವರ್, ಹೊಸ ನಟ್ ಇವೂ ತಂದೆ. ಕೆಲಸವೆಲ್ಲ ಮಾಡಿ ಹಳೆ ರಬ್ಬರ್ ಹಾಕಿದರೆ ಮುಂದೆ ಟಕ್ ಟಕ್ ಸದ್ದಿಗೋಸ್ಕರ ಇನ್ನೊಂದು ಸಲ ಬಿಚ್ಚಬೇಕಾಗುತ್ತದೆ.

ನಿಮ್ಮ ಕಾರಿನ ಹಿಂಭಾಗ ಯಾವ ಬಗೆಯದು ಎಂದು ಮೊದಲು ಬಗ್ಗಿ ನೋಡಿ. ನನ್ನದು ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ) ಇರುವ ಸಣ್ಣ ಕಾರು. ಸ್ಪ್ರಿಂಗ್ ಬೇರೆ ಜಾಗದಲ್ಲಿ, ಶಾಕ್ ಬೇರೆ ಜಾಗದಲ್ಲಿ. ಕೆಳಗೆ ಒಂದು ಅಡ್ಡ ಬೋಲ್ಟ್, ಮೇಲೆ ಒಂದು ನಟ್, ಅಷ್ಟೇ. ಇಂಥದ್ದನ್ನು ಮನೆಯಲ್ಲಿ ಧೈರ್ಯವಾಗಿ ಮಾಡಬಹುದು. ಶಾಕ್‌ನ ಸುತ್ತಲೇ ಸ್ಪ್ರಿಂಗ್ ಸುತ್ತಿಕೊಂಡಿದ್ದರೆ ವಿಷಯ ಬೇರೆ. ಅಲ್ಲಿ ಸ್ಪ್ರಿಂಗನ್ನು ಕಂಪ್ರೆಸರ್ ಹಾಕಿ ಅದುಮಿ ಹಿಡಿದ ಮೇಲೇ ಮೇಲಿನ ನಟ್ ತೆಗೆಯಬೇಕು. ಅದುಮಿದ ಸ್ಪ್ರಿಂಗ್ ಜಾರಿದರೆ ಕೈ ಮುಖ ಉಳಿಯುವುದಿಲ್ಲ. ಅದನ್ನು ನಾನಂತೂ ಮನೆಯಲ್ಲಿ ಮುಟ್ಟುವುದಿಲ್ಲ.

ಕೆಲಸಕ್ಕೆ ಮುಂಚಿನ ದಿನ ಸಂಜೆಯೇ ಬೋಲ್ಟ್‌ಗಳ ಹೊರಗೆ ಕಾಣುವ ಮರೆಯನ್ನು (ಥ್ರೆಡ್) ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟೆ. ಎಣ್ಣೆ ಒಳಗೆ ಇಳಿಯಲು ಹೊತ್ತು ಬೇಕು. ಹೊಡೆದ ಕೂಡಲೇ ಬಿಚ್ಚಲು ಹೋದರೆ ಅದರಿಂದ ಏನೂ ಉಪಯೋಗವಿಲ್ಲ. ಪಕ್ಕದ ಬ್ರೇಕಿನ ಮೇಲೆ ಮಾತ್ರ ಅದು ಸಿಡಿಯಬಾರದು.

ಗಟ್ಟಿಯಾದ ಸಮತಟ್ಟು ನೆಲ ಬೇಕೇ ಬೇಕು. ಮಣ್ಣಿನ ನೆಲ ಬೇಡ. ಹಿಂದಿನ ಚಕ್ರಗಳನ್ನು ಎತ್ತುವುದರಿಂದ ಹ್ಯಾಂಡ್ ಬ್ರೇಕ್ ನೆಚ್ಚಿಕೊಳ್ಳುವಂತಿಲ್ಲ, ಹೆಚ್ಚಿನ ಕಾರುಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನೇ ಅಲ್ವಾ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಗೇರ್‌ನಲ್ಲಿ ನಿಲ್ಲಿಸಿದೆ. ವೀಲ್ ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲ ಮಾಡಿದೆ. ಆಮೇಲೆ ಜಾಕ್‌ನಿಂದ ಎತ್ತಿ, ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗದಲ್ಲಿ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು, ಕಾರಿನ ಭಾರವನ್ನು ಪೂರ್ತಿ ಅವುಗಳ ಮೇಲೆ ಇಳಿಸಿದೆ. ಕಾರನ್ನು ಒಂದೆರಡು ಸಲ ಬಲವಾಗಿ ಅಲುಗಾಡಿಸಿ ನೋಡಿದೆ. ಬೀಳುವುದಿದ್ದರೆ ನಾನು ಹೊರಗೆ ನಿಂತಿರುವಾಗಲೇ ಬೀಳಲಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕುವವರಿಗೆ ಈ ಕೆಲಸವೇ ಬೇಡ. ಬಿಚ್ಚಿದ ಚಕ್ರಗಳನ್ನೂ ಕಾರಿನ ಅಡಿಗೇ ಮಲಗಿಸಿದೆ, ಅದೊಂದು ಹೆಚ್ಚಿನ ಭದ್ರತೆ.

ಈಗ ಇನ್ನೊಂದು ಜಾಕ್ ಬೇಕು. ಇದನ್ನು ಸುಮ್ನೆ ಬಿಟ್ಟುಬಿಡುವವರು ಜಾಸ್ತಿ. ಚಕ್ರ ಗಾಳಿಯಲ್ಲಿದ್ದಾಗ ಹಿಂದಿನ ಬೀಮ್ ಇನ್ನೂ ಕೆಳಗೆ ಜೋತುಬೀಳದಂತೆ ಎಷ್ಟೋ ಕಾರುಗಳಲ್ಲಿ ಹಿಡಿದಿರುವುದು ಶಾಕ್‌ಗಳೇ. ಬೋಲ್ಟ್ ತೆಗೆದ ಕೂಡಲೇ ಬೀಮ್ ಕೆಳಗೆ ಬಿದ್ದರೆ ಬ್ರೇಕ್ ಹೋಸ್ ಜಗ್ಗುತ್ತದೆ, ಸ್ಪ್ರಿಂಗ್ ತನ್ನ ಜಾಗ ಬಿಟ್ಟು ಹೊರಗೆ ಬರಬಹುದು. ಅದಕ್ಕೆ ಸ್ಪ್ರಿಂಗ್ ಕೂರುವ ತಟ್ಟೆಯ ಅಡಿಗೆ ಜಾಕ್ ಕೊಟ್ಟು ಸ್ವಲ್ಪ ಮೇಲೆತ್ತಿದೆ. ಬೀಮಿನ ನಡುಭಾಗಕ್ಕೆ ಜಾಕ್ ಕೊಡಬಾರದು, ಅದು ತಿರುಚಿಕೊಳ್ಳಲೆಂದೇ ಮಾಡಿದ ಭಾಗ, ಭಾರ ಹೊರಲಿಕ್ಕಲ್ಲ. ಇದೇ ಕಾರಣಕ್ಕೆ ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಬೇಕು. ಇನ್ನೊಂದು ಕಡೆಯ ಶಾಕ್ ಬೀಮನ್ನು ಹಿಡಿದುಕೊಂಡಿರುತ್ತದೆ. ಜೋಡಣೆ ಮರೆತರೆ ನೋಡಿಕೊಳ್ಳಲಿಕ್ಕೂ ಅದೇ ಆಗುತ್ತದೆ.

ಮೇಲಿನ ನಟ್ ಡಿಕ್ಕಿಯೊಳಗೆ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಸಿಕ್ಕಿತು. ಇಲ್ಲಿ ಕಾಡುವುದು ರಾಡ್. ನಟ್ ತಿರುಗಿಸಿದರೆ ರಾಡೂ ಜೊತೆಗೆ ತಿರುಗುತ್ತದೆ. ರಾಡಿನ ತುದಿಯಲ್ಲಿ ಎರಡು ಕಡೆ ಚಪ್ಪಟೆ ಮಾಡಿರುತ್ತಾರೆ, ಇಲ್ಲವೇ ಅಲೆನ್ ಕೀ ಹಾಕಲು ತೂತು ಇರುತ್ತದೆ. ರಾಡನ್ನು ಅಲ್ಲಿ ಹಿಡಿದು, ರಿಂಗ್ ಸ್ಪ್ಯಾನರಿನಿಂದ ನಟ್ ತಿರುಗಿಸಬೇಕು. ಹಳೆಯದನ್ನು ಹೇಗೆ ಬೇಕಾದರೂ ಹಿಡಿಯಿರಿ, ಬಿಸಾಡುವುದೇ. ಹೊಸದನ್ನು ಹಾಕುವಾಗ ಮಾತ್ರ ಆ ಹೊಳೆಯುವ ರಾಡಿಗೆ ಪ್ಲೈಯರ್ ತಾಗಿಸಬೇಡಿ. ಒಂದು ಗೀರು ಬಿದ್ದರೂ ಅದು ಪ್ರತಿ ಸಲ ಸೀಲನ್ನು ಕೊಯ್ಯುತ್ತಾ ಹೋಗುತ್ತದೆ, ಹೊಸ ಶಾಕ್ ಬೇಗನೇ ಸೋರಲು ಶುರುವಾಗುತ್ತದೆ.

ಕೆಳಗಿನ ಬೋಲ್ಟ್ ಎಡಗಡೆ ಸಲೀಸಾಗಿ ಬಂತು. ಬಲಗಡೆಯದು ಹಟ ಹಿಡಿಯಿತು. ಬೋಲ್ಟ್ ಸಿಕ್ಕಿಕೊಳ್ಳುವುದು ಬರೀ ಮರೆಯಲ್ಲಲ್ಲ, ಬುಷ್‌ನೊಳಗಿನ ಕಬ್ಬಿಣದ ಕೊಳವೆಯಲ್ಲೂ ತುಕ್ಕು ಹಿಡಿದು ಬೆಸೆದುಕೊಂಡಿರುತ್ತದೆ. ಆರು ಮೂಲೆಯ ಸಾಕೆಟ್ಟನ್ನೇ ಹಾಕಬೇಕು. ಹನ್ನೆರಡು ಮೂಲೆಯದು ಬೋಲ್ಟ್ ತಲೆಯನ್ನು ಸವರಿಬಿಡುತ್ತದೆ. ಮೊದಲು ಒಂದು ಚೂರು ಬಿಗಿಯುವ ಕಡೆಗೆ ತಿರುಗಿಸಿದೆ. ತುಕ್ಕಿನ ಹಿಡಿತ ಒಡೆದ ಸದ್ದು ಬಂತು. ಆಮೇಲೆ ಉದ್ದ ಹಿಡಿಯ ಬ್ರೇಕರ್ ಬಾರ್ ಹಾಕಿ ಅರ್ಧ ಸುತ್ತು ಸಡಿಲ, ಮತ್ತೆ ಕಾಲು ಸುತ್ತು ಬಿಗಿ, ನಡುವೆ ಎಣ್ಣೆ, ಹೀಗೇ ಹೊರತೆಗೆದೆ. ಬೆಂಕಿ ಕೊಡುವ ಯೋಚನೆ ಮಾಡಲೇಬೇಡಿ. ಪಕ್ಕದಲ್ಲಿ ರಬ್ಬರ್, ಬ್ರೇಕ್ ಹೋಸ್, ಎದುರಿಗೇ ಎಣ್ಣೆ ಮತ್ತು ಒತ್ತಡದ ಗ್ಯಾಸ್ ತುಂಬಿದ ಕೊಳವೆ. ಮರೆ ಪೂರ್ತಿ ಬಿಚ್ಚಿದ ಮೇಲೂ ಬೋಲ್ಟ್ ಬಿಗಿಯಾಗಿ ಕೂತಿದ್ದರೆ ಅದರ ಮೇಲೆ ಭಾರ ಬಿದ್ದಿದೆ ಎಂದರ್ಥ. ಕೆಳಗಿನ ಜಾಕನ್ನು ಸ್ವಲ್ಪ ಸ್ವಲ್ಪ ಏರಿಸಿ ಇಳಿಸಿ ನೋಡಿ, ಒಂದು ಹಂತದಲ್ಲಿ ಬೋಲ್ಟ್ ಕೈಯಲ್ಲೇ ಜಾರಿ ಬರುತ್ತದೆ.

ತೆಗೆದ ಶಾಕ್‌ಗಳನ್ನು ನಿಲ್ಲಿಸಿ ಒತ್ತಿ ನೋಡುವುದೇ ಈ ಕೆಲಸದಲ್ಲಿ ಸಿಗುವ ಮಜಾ. ಬಲಗಡೆಯದು ಸಲೀಸಾಗಿ ಒಳಗೆ ಹೋಯಿತು, ಹೋದದ್ದು ಅಲ್ಲೇ ಕೂತಿತು. ಎಡಗಡೆಯದು ಸ್ವಲ್ಪ ಎದುರು ಒತ್ತುತ್ತಿತ್ತು, ಆದರೆ ನಡುವೆ ಒಂದು ಜಾಗದಲ್ಲಿ ಏನೂ ಹಿಡಿತವಿಲ್ಲದೆ ಜಾರುತ್ತಿತ್ತು. ಬೆಚ್ಚಗಿದ್ದ ಶಾಕ್ ಇದೇ. ಜೋಡಿ ತಂದದ್ದು ಒಳ್ಳೆಯದೇ ಆಯಿತು.

ಹೊಸದನ್ನು ಹಳೆಯದರ ಪಕ್ಕ ಇಟ್ಟು ಉದ್ದ, ಕೆಳಗಿನ ಕಣ್ಣಿನ (ಬೋಲ್ಟ್ ತೂರುವ ಬಳೆ) ಅಗಲ, ಬೋಲ್ಟ್ ತೂತಿನ ಅಳತೆ ಹೋಲಿಸಿದೆ. ಪೂರ್ತಿ ಹಿಗ್ಗಿದಾಗಿನ ಉದ್ದ ನೋಡಬೇಕು. ಗ್ಯಾಸ್ ತುಂಬಿದ ಹೊಸ ಶಾಕನ್ನು ಅದುಮಿ ಪಟ್ಟಿ ಕಟ್ಟಿ ಕೊಟ್ಟಿರುತ್ತಾರೆ, ಪಟ್ಟಿ ಕತ್ತರಿಸಿದರೆ ತಾನಾಗಿಯೇ ಹಿಗ್ಗುತ್ತದೆ. ಇನ್ನೊಂದು ಸಣ್ಣ ಕೆಲಸ ಇದೆ. ಎರಡು ಕೊಳವೆಯ ಬಗೆಯ ಶಾಕ್‌ಗಳನ್ನು ಗೋದಾಮಿನಲ್ಲಿ ಮಲಗಿಸಿಟ್ಟಿದ್ದರೆ ಒಳಗಿನ ಕೊಳವೆಗೆ ಗಾಳಿ ಸೇರಿರುತ್ತದೆ. ಅದನ್ನು ಕಾರಿನಲ್ಲಿ ಕೂರುವ ದಿಕ್ಕಿನಲ್ಲೇ ನೆಟ್ಟಗೆ ಹಿಡಿದು, ನಿಧಾನಕ್ಕೆ ಪೂರ್ತಿ ಒತ್ತಿ, ಪೂರ್ತಿ ಎಳೆಯಬೇಕು. ನಾಲ್ಕೈದು ಸಲ ಮಾಡಿದರೆ ನಡುವಿನ ಜಾರಾಟ ಹೋಗಿ ಒಂದೇ ಸಮ ಬಿಗಿ ಬರುತ್ತದೆ. ಆಮೇಲೆ ಮತ್ತೆ ಮಲಗಿಸಬೇಡಿ, ಹಾಗೇ ಕಾರಿಗೆ ಹಾಕಿ.

ಹಾಕುವುದರಲ್ಲಿ ಕಷ್ಟವಿಲ್ಲ. ಬಂಪ್ ಸ್ಟಾಪ್, ಕವರ್, ಕೆಳಗಿನ ವಾಷರ್, ರಬ್ಬರ್ ಎಲ್ಲ ಹಳೆಯದರಲ್ಲಿ ಇದ್ದ ಕ್ರಮದಲ್ಲೇ. ಬಟ್ಟಲಿನಾಕಾರದ ವಾಷರ್‌ಗಳ ತಗ್ಗಾದ ಬದಿ ಸಾಮಾನ್ಯವಾಗಿ ರಬ್ಬರಿನ ಕಡೆಗೆ ಇರುತ್ತದೆ. ಬಿಚ್ಚುವಾಗ ಫೋಟೊ ತೆಗೆದಿಟ್ಟರೆ ಅನುಮಾನವೇ ಇಲ್ಲ. ಮೇಲಿನ ನಟ್ಟನ್ನು ಮೊದಲು ಕೈಯಲ್ಲೇ ಕೂರಿಸಿ, ಕೆಳಗಿನ ಕಣ್ಣನ್ನು ಜಾಕ್‌ನಿಂದ ತೂತಿಗೆ ಸರಿಯಾಗಿ ತಂದು ಬೋಲ್ಟ್ ತೂರಿಸಿದೆ. ಬೋಲ್ಟನ್ನೂ ಮೊದಲ ಕೆಲವು ಸುತ್ತು ಬೆರಳಲ್ಲೇ ತಿರುಗಿಸಬೇಕು. ಮೇಲಿನ ನಟ್ ಬಿಗಿಯಲು ಇಂಪ್ಯಾಕ್ಟ್ ಗನ್ ಬೇಡ, ರಾಡ್ ಗಿರ್ರನೆ ತಿರುಗಿ ಒಳಗಿನದು ಹಾಳಾಗಬಹುದು.

ಈಗ ನಾನು ಮುಖ್ಯ ಎಂದುಕೊಂಡಿರುವ ಜಾಗ. ಕಾರು ಗಾಳಿಯಲ್ಲಿರುವಾಗ ಕೆಳಗಿನ ಬೋಲ್ಟನ್ನು ಪೂರ್ತಿ ಬಿಗಿಯಬಾರದು. ಶಾಕ್‌ನ ಕಣ್ಣಿನಲ್ಲಿರುವ ರಬ್ಬರ್ ಬುಷ್ ಒಳಗಿನ ಕಬ್ಬಿಣದ ಕೊಳವೆಗೂ ಹೊರಗಿನ ಕಣ್ಣಿಗೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಆಮೇಲೆ ಶಾಕ್ ಓರೆಯಾದಷ್ಟೂ ತಿರುಚಿಕೊಳ್ಳುವುದು ರಬ್ಬರ್. ಬೀಮ್ ಜೋತುಬಿದ್ದಾಗ ಬಿಗಿದರೆ, ಕಾರನ್ನು ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿರುತ್ತದೆ. ಸುಮ್ಮನೆ ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಗುಂಡಿ ಬಂದರೆ ಇನ್ನೂ ತಿರುಚುತ್ತದೆ, ಬೇಗ ಹರಿಯುತ್ತದೆ. ಹೊಸ ಶಾಕ್ ಹಾಕಿ ಸ್ವಲ್ಪ ಕಾಲಕ್ಕೇ ಸದ್ದು ಶುರುವಾಯಿತು ಎಂದು ಬೈಯುವವರಲ್ಲಿ ಎಷ್ಟೋ ಜನರ ಕಾರಿನಲ್ಲಿ ನಡೆದಿರುವುದು ಇದೇ ಇರಬೇಕು ಎಂದು ನನ್ನ ಗುಮಾನಿ. ಮೊದಲೇ ಹೇಳಿಟ್ಟರೆ ಗ್ಯಾರೇಜಿನಲ್ಲೂ ಹೀಗೆ ಮಾಡಿಸಬಹುದು.

ಅದಕ್ಕೆ ನಾನು ಬೋಲ್ಟನ್ನು ಅಲುಗದಷ್ಟು ಮಾತ್ರ ಬಿಗಿದು, ಎರಡೂ ಕಡೆ ಮುಗಿಸಿ, ಚಕ್ರ ಹಾಕಿ ಕಾರನ್ನು ನೆಲಕ್ಕೆ ಇಳಿಸಿದೆ. ಹಿಂಭಾಗವನ್ನು ಕೆಲವು ಸಲ ಒತ್ತಿ ಬಿಟ್ಟು ಸ್ಪ್ರಿಂಗ್‌ಗಳು ತಮ್ಮ ಜಾಗದಲ್ಲಿ ಕೂರುವಂತೆ ಮಾಡಿದೆ. ಆಮೇಲೆ ಹಿಂದಿನಿಂದ ಮಲಗಿ, ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ವ್ರೆಂಚ್‌ನಲ್ಲಿ ಮ್ಯಾನ್ಯುಯಲ್ ಹೇಳಿದ ಅಳತೆಗೆ ಬಿಗಿದೆ. ಕೆಲವು ಕಾರುಗಳಲ್ಲಿ ಚಕ್ರ ಇದ್ದಾಗ ಆ ಬೋಲ್ಟ್ ಸಿಗುವುದಿಲ್ಲ. ಆಗ ಎತ್ತುವ ಮೊದಲೇ ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆದು ಬರೆದಿಟ್ಟುಕೊಳ್ಳಬೇಕು. ಬಿಗಿಯುವಾಗ ಜಾಕ್‌ನಿಂದ ಆ ಅಳತೆ ಬರುವವರೆಗೆ ಎತ್ತಬೇಕು. ಹಾಗೆ ಎತ್ತುವಾಗ ಕಾರು ಸ್ಟ್ಯಾಂಡ್ ಬಿಟ್ಟು ಮೇಲೇಳುವ ಹಂತಕ್ಕೆ ಬರುತ್ತದೆ. ಕಣ್ಣು ಸ್ಟ್ಯಾಂಡ್ ಮೇಲೇ ಇರಲಿ, ಅಲುಗಿದರೆ ಅಲ್ಲೇ ನಿಲ್ಲಿಸಿ.

ವೀಲ್ ನಟ್‌ಗಳನ್ನೂ ಅಡ್ಡಡ್ಡ ಕ್ರಮದಲ್ಲಿ ಟಾರ್ಕ್ ವ್ರೆಂಚ್‌ನಲ್ಲೇ ಬಿಗಿದೆ. ಟಾರ್ಷನ್ ಬೀಮ್ ಇರುವ ಕಾರಿನಲ್ಲಿ ಚಕ್ರದ ಕೋನ ನಿಗದಿ ಮಾಡುವುದು ಶಾಕ್ ಅಲ್ಲ, ಹಾಗಾಗಿ ಇದಕ್ಕೋಸ್ಕರ ಅಲೈನ್‌ಮೆಂಟ್ ಬೇಕಾಗಲಿಲ್ಲ. ಶಾಕೇ ಚಕ್ರವನ್ನು ನೆಟ್ಟಗೆ ಹಿಡಿದಿರುವ ಸ್ಟ್ರಟ್ ಬಗೆಯಲ್ಲಾದರೆ ಮಾಡಿಸಬೇಕಾಗುತ್ತದೆ.

ಮೊದಲ ಓಟ ನಿಧಾನವಾಗಿ, ಕಿಟಕಿ ಇಳಿಸಿ, ಡಿಕ್ಕಿ ಖಾಲಿ ಮಾಡಿಕೊಂಡು ಹೋದೆ. ಸದ್ದೇನಾದರೂ ಬಂದರೆ ಸಾಮಾನಿನದೋ ಶಾಕ್‌ನದೋ ಎಂಬ ಗೊಂದಲ ಇರಬಾರದು. ಹಂಪ್ಸ್ ದಾಟಿದ ಮೇಲೆ ಹಿಂಭಾಗ ಒಂದೇ ಸಲ ಎದ್ದು ಕೂತಿತು. ಸಣ್ಣ ಗುಂಡಿಗಳು ಮಾತ್ರ ಮೊದಲಿಗಿಂತ ಗಟ್ಟಿಯಾಗಿ ತಿಳಿಯುತ್ತವೆ. ಸಡಿಲಿಗೆ ಒಗ್ಗಿಕೊಂಡ ಮೈಗೆ ಹಾಗನ್ನಿಸುವುದು ಸಹಜ. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಮೇಲಿನ ನಟ್, ಕೆಳಗಿನ ಬೋಲ್ಟ್, ವೀಲ್ ನಟ್ ಎಲ್ಲವನ್ನೂ ಇನ್ನೊಮ್ಮೆ ವ್ರೆಂಚ್ ಹಾಕಿ ನೋಡಿದೆ. ಶಾಕ್‌ನ ಮೈ ಒಣಗಿದೆಯಾ ಎಂದೂ ನೋಡಿದೆ. ವೇಗದಲ್ಲಿ ಹಿಂದಿನಿಂದ ಬರುತ್ತಿದ್ದ ಗೂಂ ಎನ್ನುವ ಸದ್ದು ಮಾತ್ರ ಹೋಗಲಿಲ್ಲ. ಅದು ತೇಪೆ ತೇಪೆಯಾಗಿ ಸವೆದ ಟೈರಿನದು, ಶಾಕ್ ಬದಲಿಸಿದ ಮಾತ್ರಕ್ಕೆ ಆ ತಗ್ಗುಗಳು ತುಂಬುವುದಿಲ್ಲ.