ಹಣೆಪಟ್ಟಿ ಬರೆದ ಪಾತ್ರ ಯಾವುದು? ನಾನು ಪತ್ತೆ ಹಚ್ಚುವ ಬಗೆ

ಸಿನಿಮಾ ಸ್ಕ್ರಿಪ್ಟಿನ ಮೊದಲ ಓದು ಕಥೆಗೆ. ಎರಡನೆಯದರಲ್ಲಿ ಒಂದೇ ಪಾತ್ರದ ದೃಶ್ಯಗಳನ್ನು ಹೆಕ್ಕಿ, ಹಾಳೆಯ ಮೇಲೆ ಮೂರು ಕಾಲಂ ಎಳೆಯುತ್ತೇನೆ: ಅವನಿಗೆ ಏನು ಬೇಕು, ಏನು ಹೇಳುತ್ತಾನೆ, ಏನು ಮಾಡುತ್ತಾನೆ. ಮೂರೂ ಕೊನೆತನಕ ಒಂದೇ ರಾಗ ಹಾಡಿದರೆ ಅನುಮಾನ ಶುರು. ಆಮೇಲೆ ಸ್ಕ್ರಿಪ್ಟ್ ಓದದ ಒಬ್ಬರಿಗೆ ‘ಪೊಲೀಸ್’, ‘ವಿಧವೆ’, ‘ಶ್ರೀಮಂತನ ಮಗ’ ಎಂಬ ಹಣೆಪಟ್ಟಿಯನ್ನಷ್ಟೇ ಕೊಟ್ಟು, ಇಂಥ ಸನ್ನಿವೇಶದಲ್ಲಿ ಈ ಪಾತ್ರ ಏನು ಮಾಡೀತು ಅಂತ ಕೇಳುತ್ತೇನೆ. ಹತ್ತರಲ್ಲಿ ಎಂಟು ಊಹೆ ಸರಿಯಾದರೆ ಆ ಪಾತ್ರವನ್ನು ಬರೆದಿರುವುದು ಹಣೆಪಟ್ಟಿಯೇ.

ಇಂಥ ಪಾತ್ರಕ್ಕೆ ಸ್ಟೀರಿಯೊಟೈಪ್ ಅನ್ನುತ್ತೇವೆ. ಅದು ಮೂಲತಃ ಮುದ್ರಣಾಲಯದ ಪದ: ಜೋಡಿಸಿದ ಅಚ್ಚುಮೊಳೆಗಳಿಂದ ಪಡಿಯಚ್ಚು ತೆಗೆದು ಎರಕ ಹೊಯ್ದ ಲೋಹದ ಫಲಕ. 1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಅದನ್ನು ಜನರ ಬಗ್ಗೆ ನಮ್ಮ ತಲೆಯೊಳಗಿರುವ ಸಿದ್ಧ ಚಿತ್ರಗಳಿಗೆ ಬಳಸಿದರು. ಹಾಗಂತ ಸರಳ ಪಾತ್ರವೆಲ್ಲ ಪಡಿಯಚ್ಚಲ್ಲ. ಒಂದೇ ದೃಶ್ಯಕ್ಕೆ ಬಂದು ಹೋಗುವ ಟಿಕೆಟ್ ಕೊಡುವವನಿಗೆ ಒಳತೋಟಿ ಬೇಕಿಲ್ಲ. ಕೊಟ್ಟರೆ ದೃಶ್ಯವೇ ಹಾಳು.

ದೊಡ್ಡ ಪಾತ್ರದಲ್ಲಿ ಎಲ್ಲರೂ ಎಡವುವುದು ರಿಪೇರಿಯಲ್ಲಿ. ಸಾಲ ವಸೂಲಿ ಮಾಡುವವನೊಬ್ಬ ಬಾಗಿಲು ಒದೆಯುತ್ತಾನೆ, ಗಹಗಹಿಸಿ ನಗುತ್ತಾನೆ. ‘ತೀರಾ ಮಾಮೂಲಿ’ ಅಂದ ಕೂಡಲೇ ಅವನ ಕೈಗೊಂದು ಬೆಕ್ಕಿನಮರಿ, ಇಲ್ಲವೇ ಫ್ಲ್ಯಾಷ್‌ಬ್ಯಾಕಿನಲ್ಲಿ ಸತ್ತ ತಾಯಿ. ಇದು ಎರಡು ಪಡಿಯಚ್ಚುಗಳಿಗೆ ಗೋಂದು ಹಚ್ಚಿದ ಹಾಗೆ. ಬೆಕ್ಕನ್ನು ತೆಗೆದುಬಿಡಿ, ಕಥೆಯಲ್ಲಿ ಏನೂ ಕದಲುವುದಿಲ್ಲ.

ನಾನು ಹುಡುಕುವುದು ಅವನು ತನ್ನ ಬಗ್ಗೆ ತಾನೇ ಇಟ್ಟುಕೊಂಡಿರುವ ನಂಬಿಕೆಯನ್ನು. ‘ನಾನು ಲೆಕ್ಕದಲ್ಲಿ ಶುದ್ಧ’ ಅಂತಿರಲಿ. ಈಗ ಅದೇ ಮನೆ. ಹೊಸ್ತಿಲಲ್ಲಿ ಹುಡುಗ ಹೋಂವರ್ಕ್ ಮಾಡುತ್ತಿದ್ದಾನೆ. ಇವನು ಬಗ್ಗಿ, ತಪ್ಪಿದ ಕೂಡಿಕೆ ತಿದ್ದುತ್ತಾನೆ. ಒಳಗೆ ಹೋಗಿ ಹೊಲಿಗೆ ಯಂತ್ರ ಎತ್ತಿಕೊಂಡು ಬಂದು, ಹುಡುಗನ ಪೆನ್ನನ್ನೇ ಇಸಿದುಕೊಂಡು ರಸೀದಿ ಬರೆಯುತ್ತಾನೆ. ಕ್ರೌರ್ಯ ಎಳ್ಳಷ್ಟೂ ಕಡಿಮೆಯಾಗಿಲ್ಲ, ನೋಡುವವರಿಗೆ ಮಾತ್ರ ಅವನನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ. ಇಷ್ಟಕ್ಕೇ ನಿಲ್ಲಿಸಿದರೆ ರಸೀದಿಯೂ ಬೆಕ್ಕಿನಮರಿಯೇ. ಮುಂದೆ ಎಲ್ಲೋ ಧಣಿ ‘ಸುಳ್ಳು ರಸೀದಿ ಬರಿ’ ಅನ್ನಬೇಕು. ಬರೆದರೂ ಬರೆಯದಿದ್ದರೂ ಇವನು ಏನನ್ನೋ ಕಳೆದುಕೊಳ್ಳಬೇಕು. ಎರಡು ಗಂಟೆಯ ಚಿತ್ರದಲ್ಲಿ ಇಂಥ ಎರಡು ಮೂರು ತೀರ್ಮಾನ ಸಾಕು. ಅದಕ್ಕಿಂತ ಹೆಚ್ಚಾದರೆ, ಕಾರಣ ಕೊಡದೆ ಸ್ವಭಾವ ಬದಲಿಸಿದರೆ, ಅದು ಗೊಂದಲವೇ ಹೊರತು ಸಂಕೀರ್ಣತೆಯಲ್ಲ.

ಬರವಣಿಗೆಯಲ್ಲಿ ಉಳಿದದ್ದು ಸೆಟ್ಟಿನಿಂದಾಚೆ ಸಾಯುವುದೂ ಉಂಟು. ಈ ವಸೂಲಿಯವನ ಪ್ರವೇಶಕ್ಕೆ ಮೊದಲೇ ಖಳನಾಯಕನ ಸಂಗೀತ ಹಾಕಿದರೆ ಪ್ರೇಕ್ಷಕರ ತೀರ್ಪು ಆಗಲೇ ಆಗಿಹೋಯಿತು. ಎಡಿಟಿಂಗಿನಲ್ಲಿ ಚಿತ್ರ ಉದ್ದವಾಯಿತೆಂದರೆ ಮೊದಲು ಕತ್ತರಿ ಬೀಳುವುದು ಮಾತಿಲ್ಲದ ಶಾಟ್‌ಗಳಿಗೆ. ಯಂತ್ರ ಹೊತ್ತ ಶಾಟ್ ಉಳಿಯುತ್ತದೆ. ಕೂಡಿಕೆ ತಿದ್ದುವ ಮೂರು ಸೆಕೆಂಡ್ ಹೋಗುತ್ತದೆ. ಅದಕ್ಕೇ ಆ ಶಾಟ್ ನಂಬರಿಗೆ ನಾನು ಶೂಟಿಂಗ್ ದಿನವೇ ಕೆಂಪು ಗುರುತು ಹಾಕಿಡುತ್ತೇನೆ.